ನೆಲ ಯಾರದು? ಮರ ಯಾರದು?

ಬೆಂಗಳೂರಿನ ಪೀಣ್ಯ ಮತ್ತು ಜಾಲಹಳ್ಳಿಗಳ ನಡುವಣ ಎಚ್.ಎಂ.ಟಿ. ಕಾರ್ಖಾನೆಯ ಭೂಮಿಯ ವಿಷಯವಾಗಿ 2024ನೆಯ ಇಸವಿಯ ಅಕ್ಟೋಬರಿನಲ್ಲಿ ಎದ್ದ ಗದ್ದಲವು ವಾಚಕರ ನೆನಪಿನಲ್ಲಿರಬಹುದು. ಚಲನಚಿತ್ರವೊಂದಕ್ಕಾಗಿ ಅಲ್ಲಿ ರಂಗಸಜ್ಜಿಕೆಯನ್ನು ಕಟ್ಟುವಾಗ ಮರಗಳನ್ನು ಕಡಿದುಹಾಕಿದರೆಂಬ ದೂರು ಹುಟ್ಟಿತು. ಅರಣ್ಯ ಸಚಿವರು ಸ್ವತಃ ಸ್ಥಳಕ್ಕೆ ಹೋಗಿ ನೋಡಿ ಮೊಕದ್ದಮೆ ಹೂಡತಕ್ಕದ್ದೆಂದು ಅಪ್ಪಣೆಮಾಡಿದರು. ಚಿತ್ರದ ನಿರ್ಮಾಪಕರು ಆರೋಪವನ್ನು ಅಲ್ಲಗಳೆದರು. ಮರ ಕಡಿದವರು ಯಾರು, ಕಡಿದದ್ದು ನಿಜವೇ ಎಂಬುದನ್ನು ತೀರ್ಮಾನಿಸುವ ಕೆಲಸ ನ್ಯಾಯಾಲಯದ್ದು; ನಮ್ಮದಲ್ಲ. ನಮ್ಮ ಗಮನವನ್ನು ಸೆಳೆದದ್ದು ಬೇರೊಂದು ಸಂಗತಿ. ಸುಮಾರು 599 ಎಕರೆಯ ಆ ತೋಪು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಅರಣ್ಯವೆಂದು ಗೊತ್ತುಮಾಡಲ್ಪಟ್ಟದ್ದು, ಅದನ್ನು ಎಂದೂ ಅರಣ್ಯದ ಲೆಕ್ಕದಿಂದ ಬಿಡಿಸಿಲ್ಲ ಎಂಬುದು ಅರಣ್ಯ ಇಲಾಖೆಯ ವಾದ. ದಶಕಗಳ ಹಿಂದೆ ಸರ್ಕಾರದವರೇ ತಮಗೆ ವಹಿಸಿಕೊಟ್ಟ ನೆಲವೆಂಬುದು ಕಾರ್ಖಾನೆಯ ವಾದ. ನಡುವೆ ಅದರ ಒಂದು ತುಂಡು ಬ್ಯಾಂಕೊಂದರ ಕೈಗೂ ಹೋಗಿತ್ತು. ರಾಜಧಾನಿಯ ಮಧ್ಯದಲ್ಲಿ, ಸರ್ಕಾರದ ಇಲಾಖೆಯೊಂದಕ್ಕೂ ಸರ್ಕಾರದ ಕಾರ್ಖಾನೆಯೊಂದಕ್ಕೂ ನೆಲದ ಒಡೆತನದಲ್ಲಿ ಒಮ್ಮತವಿಲ್ಲದಿರುವಾಗ, ಆ ನೆಲವನ್ನು ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿದವನು ಮರವನ್ನು ಮುಟ್ಟಲು ಯಾರನ್ನು ಕೇಳಬೇಕಾಗಿತ್ತು?

ಈ ಪ್ರಶ್ನೆ ಬೆಂಗಳೂರಿನದು ಮಾತ್ರವಲ್ಲ. ತೀರ್ಥಹಳ್ಳಿಯ ಅಡಕೆ ತೋಟದವನಿಗೂ, ಪುತ್ತೂರಿನ ವರ್ಗದಾರನಿಗೂ, ಮಡಿಕೇರಿಯ ಕಾಫಿ ಬೆಳೆಗಾರನಿಗೂ, ಬಯಲುಸೀಮೆಯ ಹೊಲದ ಬದುವಿನಲ್ಲಿ ಒಂದು ಬೇವಿನ ಮರ ಉಳ್ಳವನಿಗೂ ಇದು ಒಂದಿಲ್ಲೊಂದು ದಿನ ಎದುರಾಗುತ್ತದೆ. ಮಗಳ ಮದುವೆಗೆ ಹಣ ಬೇಕು, ಮನೆಯ ತೊಲೆ ಮುರಿದಿದೆ, ಮರದ ವ್ಯಾಪಾರಿಯು ಮುಂಗಡ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವವರ ಗಾದೆ ನಮ್ಮಲ್ಲುಂಟು. ಅಪ್ಪ ನೆಟ್ಟದ್ದೆಂದು ನಂಬಿ ಕಡಿದು ಕಟಕಟೆಯಲ್ಲಿ ನಿಲ್ಲುವವರ ಗಾದೆ ಇನ್ನೂ ಹುಟ್ಟಿಲ್ಲ. ಹುಟ್ಟುವಷ್ಟು ಮಂದಿಯೇನೋ ಇದ್ದಾರೆ.

ಮೊದಲು ತಿಳಿಯಬೇಕಾದದ್ದು, ನೆಲದ ಒಡೆತನ ಬೇರೆ, ಮರದ ಒಡೆತನ ಬೇರೆ ಎಂಬುದು. ಇದಕ್ಕೆ ನಮ್ಮ ನಾಡಿನ ಶ್ರೀಗಂಧಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಆಮೇಲಿನ ಮೈಸೂರಿನ ಅರಸರ ಸರ್ಕಾರವಾಗಲಿ, ಏಕೀಕರಣದ ತರುವಾಯದ ಸರ್ಕಾರವಾಗಲಿ ಆ ಕಟ್ಟಳೆಯನ್ನು ಬಿಟ್ಟುಕೊಡಲಿಲ್ಲ. ಹಕ್ಕಿ ಉದುರಿಸಿದ ಬೀಜದಿಂದ ರೈತನ ಸ್ವಂತ ಹಿತ್ತಲಲ್ಲಿ ಎದ್ದ ಗಂಧದ ಗಿಡವೂ ಸರ್ಕಾರದ್ದೇ. ಕಾಯುವ ಹೊಣೆ ಮಾತ್ರ ರೈತನದು. ಕಳ್ಳನು ಕಡಿದೊಯ್ದರೆ ವಿಚಾರಣೆಗೆ ಮೊದಲು ಸಿಕ್ಕುವವನು ಮನೆಯವನೇ ಆದುದರಿಂದ, ಸಸಿ ತಲೆಯೆತ್ತಿದೊಡನೆ ಕಿತ್ತೆಸೆಯುವುದು ಹಳ್ಳಿಗಳಲ್ಲಿ ಬುದ್ಧಿವಂತಿಕೆ ಎನಿಸಿಕೊಂಡಿತು. 2001ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಿದ್ದುಪಡಿಯಾಗಿ, ತನ್ನ ನೆಲದ ಗಂಧಕ್ಕೆ ರೈತನೇ ಹಕ್ಕುದಾರನೆಂದು ಒಪ್ಪಿದ ಮೇಲೆಯೇ ಜನರು ಅದನ್ನು ಬೆಳೆಯಾಗಿ ನೆಡತೊಡಗಿದರು. ಇಂದಿಗೂ ಅಪ್ಪಣೆಯಿಲ್ಲದೆ ಅದನ್ನು ಕಡಿಯುವಂತಿಲ್ಲ. ಒಡೆಯನೆಂದ ಮಾತ್ರಕ್ಕೆ ಕೊಡಲಿಯ ಸ್ವಾತಂತ್ರ್ಯ ಬಂದಂತಾಗಲಿಲ್ಲ.

ಗಂಧದ ಮಾತು ಹಾಗಿರಲಿ. ತೇಗ, ಬೀಟೆ ಮೊದಲಾದ ಬೆಲೆಬಾಳುವ ಜಾತಿಗಳ ವಿಷಯದಲ್ಲಿಯೂ ಹಳೆಯ ಬಂದೋಬಸ್ತಿನವರು ನೆಲವನ್ನು ರೈತನಿಗೆ ಬಿಟ್ಟು ಮರವನ್ನು ತಮಗೆ ಕಾದಿರಿಸಿಕೊಂಡದ್ದುಂಟು. ದರಖಾಸ್ತಿನಲ್ಲಿ ಮಂಜೂರಾದ ಭೂಮಿಯ ಹುಕುಮನ್ನು ಓದಿನೋಡಿದರೆ, ಅಲ್ಲಿ ಮೊದಲೇ ಬೆಳೆದು ನಿಂತಿರುವ ಮರಗಳ ಬೆಲೆ ಕಟ್ಟಿದ ಹೊರತು ಅವು ಸರ್ಕಾರಕ್ಕೆ ಸೇರಿದುವೆಂಬ ಷರತ್ತು ಅನೇಕ ವೇಳೆ ಕಾಣಸಿಗುತ್ತದೆ. ಕೊಡಗಿನಲ್ಲಂತೂ ಈ ಭೇದಕ್ಕೆ ಹೆಸರೇ ಬಿದ್ದಿದೆ. ಮರದ ಬೆಲೆಯನ್ನು ಸರ್ಕಾರಕ್ಕೆ ಸಲ್ಲಿಸಿದ ಭೂಮಿ ‘ರಿಡೀಮ್’ ಆದದ್ದು, ಸಲ್ಲಿಸದಿದ್ದುದು ‘ಅನ್‌ರಿಡೀಮ್’. ಬೇಲಿಯ ಈಚೆಗೂ ಆಚೆಗೂ ಒಂದೇ ಕಾಫಿ, ಒಂದೇ ನೆರಳು, ಒಂದೇ ಜಾತಿಯ ಬೀಟೆ. ಆದರೆ ಈಚೆಯದು ತೋಟದವನದು, ಆಚೆಯದು ಸರ್ಕಾರದ್ದು. ಅಜ್ಜನು ಆ ಹಣವನ್ನು ಕಟ್ಟಿದ್ದನೇ ಇಲ್ಲವೇ ಎಂಬುದು ಮೊಮ್ಮಗನಿಗೆ ಗೊತ್ತಿಲ್ಲ. ಗೊತ್ತಿರುವುದು ತಾಲ್ಲೂಕು ಕಚೇರಿಯ ಕಡತಕ್ಕೆ ಮಾತ್ರ.

ಇದಕ್ಕಿಂತಲೂ ತೊಡಕಾದದ್ದು, ಪೂರ್ಣ ಒಡೆತನವೂ ಅಲ್ಲದ, ಬರಿಯ ಒತ್ತುವರಿಯೂ ಅಲ್ಲದ ನಡುವಣ ಭೂಮಿಗಳ ಸ್ಥಿತಿ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೆಯ ಮೈಸೂರು ಮಲೆನಾಡಿನ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ ಬಾಣೆ: ಇವೆಲ್ಲವನ್ನೂ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಹೆಸರು ಹಿಡಿದು ಹೇಳಿ, ಅಲ್ಲಿ ರೂಢಿಯಿಂದ ಬಂದ ಸವಲತ್ತುಗಳು ಮುಂದುವರಿಯತಕ್ಕದ್ದೆಂದು ವಿಧಿಸಿದೆ. ಕಾನೂನು ಬಳಸಿರುವ ಮಾತು ಸವಲತ್ತು ಎಂಬುದನ್ನು ಗಮನಿಸಬೇಕು, ಸ್ವಾಮ್ಯ ಎಂದಲ್ಲ. ಕದೀಂ ವರ್ಗದ ಅಂಚಿನಿಂದ ನೂರು ಗಜದವರೆಗಿನ ಕುಮ್ಕಿಯಲ್ಲಿ ವರ್ಗದಾರನು ಸೊಪ್ಪು ತರಬಹುದು, ಸೌದೆ ಆರಿಸಬಹುದು, ನೇಗಿಲಿಗೂ ಮನೆಗೂ ಬೇಕಾದ ಮರವನ್ನು ಕಟ್ಟಳೆಗೊಳಪಟ್ಟು ಪಡೆಯಬಹುದು. ಅದೇ ಮರವನ್ನು ಲಾರಿಯಲ್ಲಿ ತುಂಬಿ ಮಂಗಳೂರಿನ ಮಿಲ್ಲಿಗೆ ಮಾರಿದರೆ ಆ ಸವಲತ್ತು ಅವನನ್ನು ಕಾಯುವುದಿಲ್ಲ. ನಾಲ್ಕು ತಲೆಮಾರು ಅನುಭವಿಸಿದ್ದೇವಲ್ಲ, ಅನುಭವವೇ ಹಕ್ಕಲ್ಲವೇ ಎಂದು ಕೇಳುವವರುಂಟು. ಸರ್ಕಾರದ ವಿರುದ್ಧ ಪ್ರತಿಕೂಲ ಸ್ವಾಧೀನವನ್ನು ಸಾಧಿಸಲು 1963ರ ಅವಧಿ ಕಾನೂನಿನಂತೆ 30 ವರ್ಷ ಬೇಕು. ಆದರೆ ಅಪ್ಪಣೆಯಿಂದ ನಡೆದ ಅನುಭವವು ನೂರು ವರ್ಷವಾದರೂ ಪ್ರತಿಕೂಲವಾಗುವುದಿಲ್ಲ. ಸವಲತ್ತಿನ ದಾರಿಯಿಂದ ಒಳಗೆ ಹೋದವನು ಒಡೆತನದ ಬಾಗಿಲಿನಿಂದ ಹೊರಗೆ ಬರಲಾರನು.

ನಮ್ಮ ಪಟ್ಟಣವಾಸಿಗಳು ಇದನ್ನು ಹಳ್ಳಿಯವರ ತಾಪತ್ರಯವೆಂದು ತಳ್ಳಿಹಾಕದಿರಲಿ. ಪಟ್ಟಣದಲ್ಲಿ ಖಾತೆಯೊಂದಿದ್ದರೆ ಸಾಕು, ಹಳ್ಳಿಯಲ್ಲಿ ಪಹಣಿಯಲ್ಲಿ ಹೆಸರಿದ್ದರೆ ಸಾಕು, ಭೂಮಿ ತನ್ನದಾಯಿತೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಖಾತೆಯು ತೆರಿಗೆಯ ಲೆಕ್ಕ. ಪಹಣಿಯು ಕಂದಾಯದ ಲೆಕ್ಕ. ಹಕ್ಕುದಾಖಲೆಯ ನಮೂದು ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದು ಭಾವಿಸತಕ್ಕದ್ದೆಂಬುದು ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣ. ಅಂದರೆ ಅದನ್ನು ಸುಳ್ಳೆಂದು ತೋರಿಸಲು ಎದುರಾಳಿಗೆ ಅವಕಾಶವಿದ್ದೇ ಇದೆ. ಕಂದಾಯದ ನಮೂದು ಒಡೆತನವನ್ನು ಹುಟ್ಟಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿಹೇಳಿ ಸಾಕಾಗಿದೆ. ಅದರಲ್ಲಿಯೂ ಮರದ ಮಟ್ಟಿಗೆ ಇನ್ನೊಂದು ಸೂಕ್ಷ್ಮವಿದೆ. ಉಳುವ ನೆಲದ ನಡುವೆ ಯಾರೂ ಮರ ಬಿಡುವುದಿಲ್ಲ. ಮರ ನಿಲ್ಲುವುದು ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಬಂಡೆಯ ಸಂದಿನಲ್ಲಿ, ಬಂಡಿದಾರಿಯ ಅಂಚಿನಲ್ಲಿ. ಮೋಜಣಿಯವರ ಭಾಷೆಯಲ್ಲಿ ಇದು ಬಹುಮಟ್ಟಿಗೆ ಖರಾಬು. ‘ಅ’ ಖರಾಬಾದರೆ ಬೇಸಾಯಕ್ಕೆ ಒದಗದೆ ಹಿಡುವಳಿಯೊಳಗೇ ಉಳಿದ ನೆಲ. ‘ಬ’ ಖರಾಬಾದರೆ ದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದದ್ದು. ಪಹಣಿಯಲ್ಲಿ ಎರಡು ಎಕರೆ ಎಂದಿದ್ದು, ಅದರಲ್ಲಿ ಆರು ಗುಂಟೆ ‘ಬ’ ಖರಾಬು ಎಂದು ಇನ್ನೊಂದು ಅಂಕಣದಲ್ಲಿ ಬರೆದಿರುವುದನ್ನು ಕಾಣದೆ, ಆ ಆರು ಗುಂಟೆಯ ಮೇಲಿದ್ದ ಮಾವನ್ನೋ ಹೊನ್ನೆಯನ್ನೋ ಮಾರಿದವನು ಸರ್ಕಾರದ ಮರವನ್ನು ಮಾರಿದಂತಾಯಿತು. ಪೋಡಿಯಾಗದ ಸರ್ವೆ ನಂಬರುಗಳಲ್ಲಿ ಯಾರ ತುಂಡು ಎಲ್ಲಿ ಬೀಳುತ್ತದೆಂಬುದೇ ಗೊತ್ತಾಗುವಂತಿಲ್ಲ. ಕಣ್ಣಳತೆಯಿಂದ ಗಡಿ ತೋರಿಸುವ ನೆರೆಯವನು ಸಾಕ್ಷಿಗೆ ಕರೆದ ದಿನ ಊರಲ್ಲಿರುವುದಿಲ್ಲ.

ಮನೆಯೊಳಗಿನ ವ್ಯಾಜ್ಯವೂ ಇದೇ ಜಾತಿಯದು. ವಿಭಾಗವಾಗದ ಆಸ್ತಿಯಲ್ಲಿ ಅಣ್ಣನೊಬ್ಬನು ಊರಲ್ಲಿ ಉಳಿದು, ತಮ್ಮಂದಿರು ಬೆಂಗಳೂರು ಮುಂಬಯಿಗಳಲ್ಲಿರುತ್ತಾರೆ. ಕಣ್ಣೆದುರಿನ ಮರ ಅವನೊಬ್ಬನದೇ ಆದಂತೆ ಅವನಿಗೆ ತೋರುತ್ತದೆ. ಪಾಲಿನ ದಾವೆ ಬಿದ್ದು ತಡೆಯಾಜ್ಞೆಯೂ ಆದಮೇಲೆ ಕಡಿದರೆ, ದಿವಾಣಿ ಸಂಹಿತೆಯಂತೆ ಅವನ ಆಸ್ತಿಯ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ದಿವಾಣಿ ಕಾರಾಗೃಹವೂ ಆಗಬಹುದು. ತಡೆಯಾಜ್ಞೆಯಿಲ್ಲದಿದ್ದರೂ ಮುಂದೆ ಪಾಲು ಹಂಚುವಾಗ ಮರದ ಬೆಲೆಯನ್ನು ಅವನ ತಲೆಗೆ ಕಟ್ಟುವುದು ತಪ್ಪದು. ವ್ಯಾಪಾರಿಯ ಕರಾರುಪತ್ರವನ್ನು ಹಿಡಿದು ಧೈರ್ಯದಿಂದಿರುವವರಿಗೆ 1958ರ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ನೆನಪಿಸಬೇಕಾಗಿದೆ. ಕಡಿಯುವ ಸಲುವಾಗಿಯೇ ಕೊಂಡ ಬಲಿತ ಮರವು ಚರಸ್ವತ್ತು. ವರ್ಷಾನುಗಟ್ಟಲೆ ನೆಲದಲ್ಲಿ ನಿಂತು ಬೆಳೆಯುವುದಕ್ಕೆಂದು ಬಿಟ್ಟ ಮರವು ಸ್ಥಿರಸ್ವತ್ತು, ಅದಕ್ಕೆ ನೋಂದಾಯಿತ ಪತ್ರ ಬೇಕು ಎಂಬ ವಿವೇಚನೆಯನ್ನು ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು ವಿಶದವಾಗಿ ಮಾಡಿದ್ದಾರೆ. ಹತ್ತು ವರ್ಷಗಳ ಅವಧಿಗೆ ಕಾಡು ಕಡಿಯುವ ಹಕ್ಕನ್ನು ಛಾಪಾಕಾಗದದ ಮೇಲೆ ಬರೆಸಿಕೊಂಡು ಪೆಟ್ಟಿಗೆಯಲ್ಲಿಟ್ಟುಕೊಂಡವನ ಕೈಯಲ್ಲಿರುವುದು ಬರಿಯ ಕಾಗದ. ಮಾರಿದವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಎಲ್ಲಿಂದ ಬರಬೇಕು?

ಕಳ್ಳತನವೆಂದರೇನೆಂದು ಮೆಕಾಲೆಯ ಕಾಲದ ದಂಡಸಂಹಿತೆಯವರು ವಿವರಿಸಹೊರಟಾಗ ಅವರಿಗೆ ಮೊದಲು ಹೊಳೆದ ಉದಾಹರಣೆ ಮರದ್ದೇ ಆಗಿತ್ತು. ನೆಲಕ್ಕೆ ಅಂಟಿಕೊಂಡಿರುವವರೆಗೆ ಮರವನ್ನು ಕದಿಯಲು ಸಾಧ್ಯವಿಲ್ಲ, ಇನ್ನೊಬ್ಬನ ನೆಲದಲ್ಲಿ ಅವನ ಒಪ್ಪಿಗೆಯಿಲ್ಲದೆ, ಒಯ್ಯಬೇಕೆಂಬ ಕೆಟ್ಟ ಬುದ್ಧಿಯಿಂದ ಅದನ್ನು ಬುಡದಿಂದ ಬೇರ್ಪಡಿಸಿದ ಕ್ಷಣದಲ್ಲಿಯೇ ಕಳ್ಳತನವು ಸಂಪೂರ್ಣವಾಯಿತು, ಹೊತ್ತೊಯ್ಯುವವರೆಗೆ ಕಾಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಉದಾಹರಣೆ ಉಳಿದುಬಂದಿದೆ. ನೆಲ ತನ್ನದೆಂದು ಪ್ರಾಮಾಣಿಕವಾಗಿ ನಂಬಿ ಕಡಿದವನನ್ನು ಕಳ್ಳನೆನ್ನಲಾಗದು ಎಂಬುದೂ ಸರಿಯೇ. ಆದರೆ ಈ ಸಮಾಧಾನ ಅಲ್ಲಿಗೇ ನಿಲ್ಲುತ್ತದೆ. ಅಪ್ಪಣೆಯಿಲ್ಲದೆ ಕಡಿದದ್ದೇ ಅಪರಾಧವೆನ್ನುವ ಕಾನೂನಿನ ಎದುರಿನಲ್ಲಿ ‘ನನ್ನದೆಂದು ನಂಬಿದ್ದೆ’ ಎಂಬ ಮಾತಿಗೆ ಬೆಲೆ ಕಡಿಮೆ. ಅರಣ್ಯದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ನಾಟಾ ಯಾರದೆಂಬ ಪ್ರಶ್ನೆ ಎದ್ದರೆ, ಬೇರೆಯವರದೆಂದು ರುಜುವಾತಾಗುವವರೆಗೆ ಅದು ಸರ್ಕಾರದ್ದೆಂದೇ ಭಾವಿಸತಕ್ಕದ್ದೆಂದು 1927ರ ಭಾರತದ ಅರಣ್ಯ ಅಧಿನಿಯಮದ 69ನೆಯ ಪ್ರಕರಣ ಹೇಳುತ್ತದೆ. 1963ರ ಕರ್ನಾಟಕದ ಅಧಿನಿಯಮವೂ ಅದೇ ತತ್ತ್ವವನ್ನು ಅಂಗೀಕರಿಸಿದೆ. ಪರಕೀಯರು ಕಾಡನ್ನು ಕೈವಶಮಾಡಿಕೊಳ್ಳುವುದಕ್ಕೆ ರಚಿಸಿದ ಈ ಊಹೆಯು ಸ್ವತಂತ್ರ ದೇಶದ ಪ್ರಜೆಯ ಮೇಲೆ ಹೇರುವುದಕ್ಕೆ ತಕ್ಕದ್ದೇ ಎಂದು ನಮಗೆ ಸಂಶಯವಿದೆ. ಆದರೆ ಅದು ಇಂದು ಜಾರಿಯಲ್ಲಿರುವ ಕಾನೂನು. ದಾಖಲೆ ತೋರಿಸುವ ಭಾರ ಕಡಿದವನ ಮೇಲಿದೆ. ತೋರಿಸಲಾರದವನ ನಾಟಾದ ಜೊತೆಗೆ ಲಾರಿಯೂ ಹೋಗುತ್ತದೆ.

ಇನ್ನು ಅಪ್ಪಣೆಯ ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ಸ್ವಂತ ನೆಲದ ಮರವನ್ನು ಕಡಿಯುವವನೂ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ಭೂಮಿಯ ಒಡೆತನದ ದಾಖಲೆಗಳನ್ನೂ, ಮೋಜಣಿ ನಕ್ಷೆಯನ್ನೂ, ಮರಗಳ ಜಾತಿ, ಸಂಖ್ಯೆ, ಸುತ್ತಳತೆಗಳನ್ನೂ ಲಗತ್ತಿಸಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸರ್ವೆ, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಒಣಗಿದ್ದು, ರೋಗ ಹಿಡಿದದ್ದು, ಗಾಳಿಗೆ ಬಿದ್ದದ್ದು, ಪ್ರಾಣಕ್ಕೂ ಮನೆಗೂ ಅಪಾಯ ತರುವಂಥದು ಆದರೆ ಅಪ್ಪಣೆಯನ್ನು ನಿರಾಕರಿಸಕೂಡದೆಂಬ ಕಟ್ಟೂ ಇದೆ. ಎಷ್ಟು ಸರಳವಾಗಿ ಕಾಣುತ್ತದೆ! ಆದರೆ ಒಡೆತನದ ದಾಖಲೆಯೇ ಸಂದಿಗ್ಧವಾಗಿದ್ದರೆ ಮೊದಲ ಮೆಟ್ಟಿಲಲ್ಲಿಯೇ ಕಾಲು ತೊಡರುತ್ತದೆ. ಕೆಲವರು ಈ ತೊಡಕನ್ನು ಮೀರಲು ಪಕ್ಕದ ಸರ್ವೆ ನಂಬರಿನ ಪಹಣಿಯನ್ನು ಲಗತ್ತಿಸಿ ಅಪ್ಪಣೆ ಪಡೆದು, ಆ ರಹದಾರಿಯ ಮೇಲೆ ಈ ನೆಲದ ಮರವನ್ನು ಸಾಗಿಸುತ್ತಾರೆ. ಇದು ಜಾಣತನವಲ್ಲ, ಒಂದು ಅಪರಾಧದ ಮೇಲೆ ಇನ್ನೊಂದನ್ನು ಹೇರುವುದು. ಮತ್ತೊಂದು ಭ್ರಮೆಯೆಂದರೆ, ವೃಕ್ಷಾಧಿಕಾರಿಯ ಅಪ್ಪಣೆ ಸಿಕ್ಕಿತೆಂದರೆ ನೆಲದ ಹಕ್ಕೂ ಸಿಕ್ಕಿತೆಂಬುದು. ಆ ಅಧಿಕಾರಿಯು ಮರವನ್ನು ನೋಡುವವನು. ಸ್ವಾಮ್ಯವನ್ನು ತೀರ್ಮಾನಿಸುವ ಅಧಿಕಾರ ಅವನಿಗಿಲ್ಲ, ದಿವಾಣಿ ನ್ಯಾಯಾಲಯಕ್ಕಿದೆ.

ಇಷ್ಟೆಲ್ಲ ಸರಿಯಾಗಿದ್ದಾಗ್ಯೂ ಆ ನೆಲ ಅರಣ್ಯವೆನಿಸಿಕೊಂಡರೆ ಕಥೆಯೇ ಬೇರೆಯಾಗುತ್ತದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಡೆತನ ಯಾರದೇ ಆಗಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವುದೆಲ್ಲವೂ 1980ರ ಅರಣ್ಯ ಸಂರಕ್ಷಣಾ ಕಾನೂನಿಗೆ ಒಳಪಟ್ಟದ್ದೆಂದು ವಿಧಿಸಿತು. ಆ ಆಜ್ಞೆಯಂತೆ ನಮ್ಮ ರಾಜ್ಯದಲ್ಲಿ ತಯಾರಾದ ಪರಿಭಾವಿತ ಅರಣ್ಯದ ಪಟ್ಟಿಯಲ್ಲಿ ಮೊದಲು 9.94 ಲಕ್ಷ ಹೆಕ್ಟೇರ್ ಇದ್ದು, 2022ರಲ್ಲಿ ಸರ್ಕಾರವು ಅದನ್ನು ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಆರೂವರೆ ಲಕ್ಷಕ್ಕೂ ಮಿಕ್ಕ ಹೆಕ್ಟೇರ್ ನೆಲ ಒಂದು ಪಟ್ಟಿಯಲ್ಲಿ ಕಾಡು, ಮತ್ತೊಂದರಲ್ಲಿ ಕಾಡಲ್ಲ. 2023ರಲ್ಲಿ ಪಾರ್ಲಿಮೆಂಟು ಸಂರಕ್ಷಣಾ ಕಾನೂನನ್ನು ತಿದ್ದಿತಾದರೂ, ಅರಣ್ಯದ ವಿಶಾಲಾರ್ಥವನ್ನೇ ಸದ್ಯಕ್ಕೆ ಅನುಸರಿಸತಕ್ಕದ್ದೆಂದು 2024ರ ಫೆಬ್ರವರಿ 19ರಂದು ಕೋರ್ಟು ಮಧ್ಯಂತರ ಆಜ್ಞೆ ಮಾಡಿತು. ಇದರ ಜೊತೆಗೆ, ಮೀಸಲು ಅರಣ್ಯ ಮಾಡುವುದಾಗಿ 4ನೆಯ ಪ್ರಕರಣದ ಕೆಳಗೆ ಅಧಿಸೂಚನೆ ಹೊರಡಿಸಿ, 17ನೆಯ ಪ್ರಕರಣದ ಅಂತಿಮ ಘೋಷಣೆ ದಶಕಗಳಿಂದ ಬಾರದೆ ತ್ರಿಶಂಕುವಾಗಿ ನಿಂತ ಸರ್ವೆ ನಂಬರುಗಳು ಮಲೆನಾಡಿನಲ್ಲಿ ಅನೇಕವಿವೆ. ಅಲ್ಲಿ ರೈತನ ಕೈಯಲ್ಲಿ ಕಂದಾಯ ಇಲಾಖೆಯ ಸಾಗುವಳಿ ಚೀಟಿ. ಅರಣ್ಯ ಇಲಾಖೆಯ ಕೈಯಲ್ಲಿ ಅದಕ್ಕೂ ಹಳೆಯ ಗ್ಯಾಜೆಟ್. ಎರಡಕ್ಕೂ ಒಂದೇ ಸರ್ಕಾರದ ಮುದ್ರೆ.

ಹಾಗಾದರೆ ವಿವೇಕಿಯು ಏನು ಮಾಡಬೇಕು? ಮೂಲ ಮಂಜೂರಾತಿಯಿಂದ ಈಚೆಗಿನ ಕ್ರಯಪತ್ರದವರೆಗೆ ಕಾಗದಗಳನ್ನು ಕೂಡಿಸಿ, ಟಿಪ್ಪಣಿ ಆಕಾರ್‌ಬಂದುಗಳ ನಕಲು ತೆಗೆದು, ಅರಣ್ಯ ಮತ್ತು ಕಂದಾಯ ಎರಡೂ ಇಲಾಖೆಯವರು ಒಟ್ಟಿಗೆ ನಿಂತು ಅಳೆಯುವ ಜಂಟಿ ಮೋಜಣಿಗೆ ಬರೆದುಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆ ಗಾರ್ಡನದಾಗಲಿ ಗ್ರಾಮ ಲೆಕ್ಕಿಗನದಾಗಲಿ ಕವಡೆ ಬಾಳದು. ಎದುರು ಹಕ್ಕು ಹೇಳುವವರಿಗೆ ಮೊದಲೇ ತಿಳಿವಳಿಕೆ ಕೊಡುವುದು ಒಳ್ಳೆಯದು. ಅವರು ಒಪ್ಪಿದರೆ ಬರಹದಲ್ಲಿ ಒಪ್ಪಲಿ, ಒಪ್ಪದಿದ್ದರೆ ನ್ಯಾಯಾಲಯವಿದೆ. ದಾವೆ ನಡೆಯುತ್ತಿರುವಾಗ ಮರ ಬಿದ್ದುಹೋಗುವ ಸ್ಥಿತಿಯಲ್ಲಿದ್ದರೆ, ನ್ಯಾಯಾಲಯದ ಅಪ್ಪಣೆಯಿಂದ ಕಡಿಸಿ ಮಾರಾಟದ ಹಣವನ್ನು ಅಲ್ಲಿಯೇ ಠೇವಣಿಯಿಡುವ ಮಾರ್ಗವನ್ನು ವಕೀಲರು ತೋರಿಸಬಲ್ಲರು. ಇದೆಲ್ಲಕ್ಕೆ ಒಂದು ವರ್ಷ ಹಿಡಿಯಬಹುದು. ಮರ ಬೆಳೆಯಲು ಅರವತ್ತು ವರ್ಷ ಹಿಡಿದಿದೆ. ನೆಲದ ವ್ಯಾಜ್ಯದಲ್ಲಿ ಸೋತವನು ನೆಲವನ್ನು ಹಿಂದಕ್ಕೆ ಕೊಡಬಲ್ಲನು. ಕಡಿದ ಬೀಟೆಯನ್ನು ಯಾವ ಡಿಕ್ರಿಯೂ ಮತ್ತೆ ನಿಲ್ಲಿಸಲಾರದು.

ಪ್ರಜೆಗೆ ಹೇಳಿದ ಈ ಮಾತು ಸರ್ಕಾರಗಳಿಗೂ ಅನ್ವಯಿಸುತ್ತದೆ. ನೆರೆಯ ಹೈದರಾಬಾದಿನ ಕಂಚ ಗಚ್ಚಿಬೌಲಿಯಲ್ಲಿ 400 ಎಕರೆ ನೆಲ ತನ್ನದೆಂದು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಅಧ್ಯಾಪಕರೂ ಹೇಳುತ್ತಿರಲು, ನ್ಯಾಯಾಲಯಗಳಲ್ಲಿ ಗೆದ್ದು ತನಗೇ ಬಂದದ್ದೆಂದು ತೆಲಂಗಾಣ ಸರ್ಕಾರವು 2025ರ ಮಾರ್ಚ್ ಕೊನೆಯಲ್ಲಿ ಬುಲ್‌ಡೋಜರುಗಳನ್ನು ನುಗ್ಗಿಸಿತು. ರಜೆಯ ದಿನಗಳಲ್ಲಿ ಸುಮಾರು ನೂರು ಎಕರೆಯ ಮರಗಳು ಉರುಳಿದುವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ತಾನಾಗಿಯೇ ತಡೆಯೊಡ್ಡಿತು. ಆ ತಿಂಗಳ 16ರ ವಿಚಾರಣೆಯಲ್ಲಿ ನ್ಯಾಯಮೂರ್ತಿಗಳು ಕೇಳಿದ್ದು ನೆಲ ಯಾರದೆಂದಲ್ಲ. ಮರ ಕಡಿಯಲು ಬೇಕಾದ ಅಪ್ಪಣೆ ಪಡೆದಿದ್ದಿರಾ, ಹಾಳಾದದ್ದನ್ನು ಹೇಗೆ ಸರಿಪಡಿಸುವಿರಿ ಎಂದು. ಒಡೆತನದಲ್ಲಿ ಗೆದ್ದವನೂ ಅಪ್ಪಣೆಯ ವಿಷಯದಲ್ಲಿ ಸೋಲಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ನಮ್ಮ ಸರ್ಕಾರದವರಲ್ಲಿ ನಮ್ಮ ಬೇಡಿಕೆ ಸಣ್ಣದು. ಪರಿಭಾವಿತ ಅರಣ್ಯದ ಪಟ್ಟಿಯಲ್ಲಿಯೂ, 4ನೆಯ ಪ್ರಕರಣದ ಅಧಿಸೂಚನೆಗಳಲ್ಲಿಯೂ ಸೇರಿರುವ ಸರ್ವೆ ನಂಬರುಗಳನ್ನು ಊರುವಾರು ವಿಂಗಡಿಸಿ, ಆಯಾ ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಲಿ; ಪಹಣಿಯ ಅಂಕಣದಲ್ಲಿಯೂ ನಮೂದಿಸಲಿ. ಕೊಡಗಿನಲ್ಲಿ ಯಾವ ತೋಟದ ಮರಬೆಲೆ ಸಂದಿದೆ, ಯಾವುದರದು ಸಂದಿಲ್ಲ ಎಂಬುದನ್ನು ಅರ್ಜಿಯಿಲ್ಲದೆ ಪ್ರಕಟಿಸಲಿ. ಅರ್ಧಕ್ಕೆ ನಿಂತ ಅರಣ್ಯ ಬಂದೋಬಸ್ತುಗಳಿಗೆ ಅಧಿಕಾರಿಗಳನ್ನು ನೇಮಿಸಿ ವಾಯಿದೆ ಗೊತ್ತುಮಾಡಲಿ. ಎರಡು ಇಲಾಖೆಗಳ ಕಡತಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿಡುವ ಕೆಲಸಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.